ಈ ಮಾರ್ಕ್ಸ್ ನನ್ನದೇ ಅಲ್ವಾ ಮೇಡಂ?

ಜೂನ್ ತಿಂಗಳ ಒಂದು ಮಧ್ಯಾಹ್ನ. ಮಂಗಳೂರಿನ ಮಳೆ ಬೆಳಗ್ಗಿನಿಂದ ಬಿಟ್ಟೇ ಇರಲಿಲ್ಲ. ಸ್ಟಾಫ್ ರೂಮಿನ ಬಾಗಿಲಲ್ಲಿ ಒಬ್ಬಳು ಹುಡುಗಿ ಕೊಡೆ ಮಡಚಿ ನಿಂತಿದ್ದಳು. ಹೋದ ವರ್ಷ ನಮ್ಮಲ್ಲೇ ಡಿಗ್ರಿ ಮುಗಿಸಿದವಳು. ಬಂಟ್ವಾಳದ ಕಡೆಯವಳು. ಅಪ್ಪ ಇಲ್ಲ, ಅಮ್ಮ ಬೀಡಿ ಕಟ್ಟುತ್ತಾರೆ. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ನಾನು ಪಾಠ ಮಾಡುವ ಅರ್ಥಶಾಸ್ತ್ರದಲ್ಲಿ ಆ ಬ್ಯಾಚಿನ ಎಲ್ಲರಿಗಿಂತ ಚೆನ್ನಾಗಿ ಯೋಚನೆ ಮಾಡುತ್ತಿದ್ದವಳು ಅವಳೇ.

ಕೂತಳು. ನೀರು ಕುಡಿದಳು. ಆಮೇಲೆ ಕೇಳಿದಳು.

"ಮೇಡಂ, ಒಂದು ಕೇಳ್ತೇನೆ, ಬೇಜಾರು ಮಾಡಬಾರ್ದು. ನನಗೆ ಓ ಗ್ರೇಡ್ ಬಂದದ್ದು ನಾನು ಚೆನ್ನಾಗಿ ಬರೆದದ್ದಕ್ಕಾ? ಅಲ್ಲ, ಎಲ್ಲರಿಗೂ ಕೊಟ್ಟ ಹಾಗೆ ನನಗೂ ಕೊಟ್ಟದ್ದಾ?"

ಓ ಅಂದರೆ ನಮ್ಮಲ್ಲಿ ಎಲ್ಲಕ್ಕಿಂತ ಮೇಲಿನ ಗ್ರೇಡ್. ವಿಷಯ ಇಷ್ಟು. ಬೆಂಗಳೂರಿನ ಒಂದು ಕಡೆ ಸರ್ವೆ ಮತ್ತು ಸಂಶೋಧನೆಯ ಕೆಲಸಕ್ಕೆ ಇಂಟರ್‌ವ್ಯೂ ಇತ್ತಂತೆ. ರಾತ್ರಿ ಬಸ್ಸಲ್ಲಿ ಹೋಗಿದ್ದಾಳೆ. ಅಲ್ಲಿ ಕೂತವರು ಅವಳ ಮಾರ್ಕ್ಸ್ ಕಾರ್ಡನ್ನು ಒಂದು ಸಲ ನೋಡಿ ಪಕ್ಕಕ್ಕೆ ಇಟ್ಟರಂತೆ. "ಇದು ಇರಲಿ, ಈಗ ಎಲ್ಲರದ್ದೂ ಹೀಗೇ ಇರುತ್ತೆ. ಇಂಟರ್ನ್‌ಶಿಪ್ ಎಲ್ಲಿ ಮಾಡಿದ್ದೀರಿ?" ಅಂತ ಕೇಳಿದರಂತೆ. ಅವಳು ಎಲ್ಲೂ ಮಾಡಿರಲಿಲ್ಲ. ರಜೆಯಲ್ಲಿ ಅಮ್ಮನ ಜೊತೆ ಕೂತು ಬೀಡಿ ಕಟ್ಟಿದ್ದಳು.

ಅವಳ ಪ್ರಶ್ನೆಗೆ ನನ್ನಲ್ಲಿ ಉತ್ತರ ಇತ್ತು. ಹೇಳಲು ತಕ್ಷಣ ನಾಲಿಗೆ ಬರಲಿಲ್ಲ. ಯಾಕೆಂದರೆ ಅವಳ ಮಾರ್ಕ್ಸ್ ಅವಳದ್ದೇ. ಆದರೆ ಅವಳ ಹೆಸರಿನ ಮೇಲೂ ಕೆಳಗೂ ಅದೇ ಪಟ್ಟಿಯಲ್ಲಿ ಇದ್ದ ಎಷ್ಟೋ ಮಾರ್ಕ್ಸ್ ಬರೆದವರದ್ದಲ್ಲ. ಅವನ್ನು ಕೊಟ್ಟದ್ದು ನಾನು.

ಅವಳ ಕೊನೆಯ ವರ್ಷದ ಪ್ರಾಜೆಕ್ಟ್ ನನಗೆ ಈಗಲೂ ನೆನಪಿದೆ. ತನ್ನ ಮನೆಯ ಸುತ್ತಮುತ್ತ ಬೀಡಿ ಕಟ್ಟುವ ಹೆಂಗಸರ ಲೆಕ್ಕ. ಬೀಡಿ ಬ್ರಾಂಚಿನಿಂದ ಎಲೆಯನ್ನು ತೂಕ ಮಾಡಿ ಕೊಡುತ್ತಾರೆ. ಅಷ್ಟು ಎಲೆಗೆ ಇಷ್ಟು ಸಾವಿರ ಬೀಡಿ ವಾಪಸ್ ಬರಬೇಕು. ಎಲೆ ತೂತು ಬಿದ್ದಿದ್ದರೆ, ಒಣಗಿ ಒಡೆದರೆ ಬೀಡಿ ಕಡಿಮೆ ಆಗುತ್ತದೆ. ಕಡಿಮೆ ಬಿದ್ದದ್ದಕ್ಕೆ ಹೆಂಗಸರು ಕೈಯಿಂದ ದುಡ್ಡು ಹಾಕಿ ಎಲೆ ತರುತ್ತಾರೆ. ಈ ಹುಡುಗಿ ಮನೆಮನೆಗೆ ಹೋಗಿ, ಎಂಟು ವಾರ ಕೂತು, ಆ ಕೈಯಿಂದ ಹಾಕಿದ ದುಡ್ಡನ್ನು ಬರೆದುಕೊಂಡಿದ್ದಳು. ಕಾಗದದ ಮೇಲಿನ ಮಜೂರಿ ಎಷ್ಟು, ಕೈಗೆ ಉಳಿಯುವ ಮಜೂರಿ ಎಷ್ಟು ಅಂತ ಎರಡು ಕಾಲಂ ಮಾಡಿದ್ದಳು. ಕೆಳಗೆ ಅವಳ ಅಮ್ಮನ ಲೆಕ್ಕವೂ ಇತ್ತು, ಹೆಸರಿಲ್ಲದೆ, ಬರೀ "ಮನೆ ನಂಬ್ರ 7" ಅಂತ.

ಅದಕ್ಕೆ ನಾನು 40ರಲ್ಲಿ 38 ಕೊಟ್ಟಿದ್ದೆ. ಅದೇ ದಿನ, ಅದೇ ಪೆನ್ನಲ್ಲಿ, ಇಂಟರ್‌ನೆಟ್ಟಿನಿಂದ ಎತ್ತಿ ಅಂಟಿಸಿದ ಪ್ರಾಜೆಕ್ಟುಗಳಿಗೆ 35, 36, 37 ಕೊಟ್ಟಿದ್ದೆ. "ಇಂಟರ್ನಲ್‌ನಲ್ಲಿ ಯಾರನ್ನೂ ಕೆಳಗೆ ಬಿಡಬೇಡಿ, ನಾಳೆ ಅಡ್ಮಿಶನ್ನಿಗೆ ಪೆಟ್ಟು ಬೀಳುತ್ತದೆ" ಅಂತ ಮೊದಲೇ ಮೀಟಿಂಗಿನಲ್ಲಿ ಹೇಳಿದ್ದರು. ಬಾಯಿ ಮಾತಲ್ಲಿ, ಕಾಗದದಲ್ಲಿ ಅಲ್ಲ. ನಾನು ಎದುರು ಮಾತಾಡಲಿಲ್ಲ. ಇಪ್ಪತ್ತಕ್ಕೂ ಜಾಸ್ತಿ ವರ್ಷ ಪಾಠ ಮಾಡಿದವಳು, ಪರ್ಮನೆಂಟ್ ಕೆಲಸ ಇರುವವಳು, ನಾನೂ ಸುಮ್ನೆ ಕೂತೆ.

38ಕ್ಕೂ 36ಕ್ಕೂ ಎರಡೇ ಮಾರ್ಕಿನ ಅಂತರ. ಎಂಟು ವಾರದ ಕೆಲಸಕ್ಕೂ ಎಂಟು ನಿಮಿಷದ ಕೆಲಸಕ್ಕೂ ನಾನು ಇಟ್ಟ ಅಂತರ ಅದು.

ಬೆಲೆಗಳು ಏರುತ್ತಾ ಹೋಗುವುದನ್ನು ಅರ್ಥಶಾಸ್ತ್ರದಲ್ಲಿ ನಾವು ಹಣದುಬ್ಬರ ಅನ್ನುತ್ತೇವೆ. ಅದೇ ಅಚ್ಚಿನಲ್ಲಿ ಇದನ್ನು ಅಂಕದುಬ್ಬರ ಅನ್ನಬಹುದು. ಕರಾವಳಿಯಲ್ಲಿ ಹುಟ್ಟಿದವರಿಗೆ ಉಬ್ಬರ ಅಂದರೆ ಮೊದಲು ಕಣ್ಣೆದುರು ಬರುವುದು ನೀರು. ಹಳೆ ಬಂದರಿನ ಧಕ್ಕೆಯಲ್ಲಿ ಇಳಿತದ ಹೊತ್ತಿಗೆ ನಿಂತರೆ ಕೆಸರು ಕಾಣುತ್ತದೆ, ಮೆಟ್ಟಿಲಿಗೆ ಅಂಟಿದ ಚಿಪ್ಪು ಕಾಣುತ್ತದೆ, ಎಲ್ಲಿ ಆಳ ಎಲ್ಲಿ ದಿಬ್ಬ ಅಂತ ಗೊತ್ತಾಗುತ್ತದೆ. ಉಬ್ಬರ ಬಂದರೆ ಎಲ್ಲ ಒಂದೇ ಮಟ್ಟ. ಕಡಲಿಗೆ ದಿನಕ್ಕೆ ಎರಡು ಸಲ ಇಳಿತವೂ ಉಂಟು. ಅಂಕಕ್ಕೆ ಅದು ಇಲ್ಲ.

ಹಣದುಬ್ಬರಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ, ಕ್ಲಾಸಲ್ಲಿ ನಾನು ಯಾವಾಗಲೂ ಹೇಳುತ್ತೇನೆ. ಬೆಲೆಗೆ ಮೇಲೆ ಗೋಡೆ ಇಲ್ಲ. ಅಕ್ಕಿಗೆ 20 ಇದ್ದದ್ದು 60 ಆದಾಗ ಒಳ್ಳೆ ಅಕ್ಕಿ 90 ಆಗುತ್ತದೆ, ಅಂತರ ಉಳಿಯುತ್ತದೆ. ಮಾರ್ಕಿಗೆ 100ರಲ್ಲಿ ಗೋಡೆ ಇದೆ. ಕೆಳಗಿನವರು ಮೇಲೆ ಬಂದ ಹಾಗೆ ಮೇಲಿದ್ದವರಿಗೆ ಹೋಗಲು ಜಾಗ ಇಲ್ಲ. ಎಲ್ಲರೂ ಗೋಡೆಗೆ ಒತ್ತಿ ನಿಲ್ಲುತ್ತಾರೆ. ಅಲ್ಲಿ ಯಾರು ಉದ್ದ ಯಾರು ಗಿಡ್ಡ ಅಂತ ಹೇಳುವುದು ಹೇಗೆ?

ಇದು ನಮ್ಮ ಊರಿನ ಕಾಯಿಲೆ ಮಾತ್ರ ಅಂದುಕೊಂಡಿದ್ದೆ. ಅಲ್ಲ. ಅಮೆರಿಕದ ಹಾರ್ವರ್ಡ್‌ನಲ್ಲಿ 2013ರಲ್ಲಿ ಹಾರ್ವೆ ಮ್ಯಾನ್ಸ್‌ಫೀಲ್ಡ್ ಅನ್ನುವ ಹಿರಿಯ ಪ್ರೊಫೆಸರ್ ಅಧ್ಯಾಪಕರ ಸಭೆಯಲ್ಲಿ ಎದ್ದು, ಇಲ್ಲಿ ಅತಿ ಹೆಚ್ಚು ಕೊಡುವ ಗ್ರೇಡ್ ಯಾವುದು ಅಂತ ಕೇಳಿದರು. ಡೀನ್ ಕೊಟ್ಟ ಉತ್ತರ: ನಡುವಿನ ಗ್ರೇಡ್ (ಎಲ್ಲ ಗ್ರೇಡುಗಳನ್ನು ಸಾಲಾಗಿ ಇಟ್ಟರೆ ನಟ್ಟನಡುವೆ ಬರುವುದು) ಎ ಮೈನಸ್, ಅತಿ ಹೆಚ್ಚು ಕೊಡುವುದು ಎ. 2025ರ ಅಕ್ಟೋಬರಿನಲ್ಲಿ ಅಲ್ಲಿನದ್ದೇ ಒಂದು ವರದಿ ಬಂತು. ಪದವಿ ತರಗತಿಗಳಲ್ಲಿ ಕೊಡುವ ಗ್ರೇಡುಗಳಲ್ಲಿ ನೂರಕ್ಕೆ 60ಕ್ಕಿಂತ ಜಾಸ್ತಿ ಎ. ಇಪ್ಪತ್ತು ವರ್ಷದ ಹಿಂದೆ ಅದು ಕಾಲು ಭಾಗದಷ್ಟು ಇತ್ತು. ಅಮೆರಿಕದ್ದೇ ಇನ್ನೊಂದು ವಿಶ್ವವಿದ್ಯಾಲಯ ಯೇಲ್‌ನಲ್ಲಿ 2022-23ರ ಹೊತ್ತಿಗೆ ಎ ಮತ್ತು ಎ ಮೈನಸ್ ಸೇರಿ ನೂರಕ್ಕೆ ಸುಮಾರು 79.

ಇದು ಹೊಸ ದೂರೂ ಅಲ್ಲ. 1894ರಲ್ಲೇ ಹಾರ್ವರ್ಡಿನ ಒಂದು ಸಮಿತಿ, ಎ ಮತ್ತು ಬಿ ಗ್ರೇಡುಗಳನ್ನು ಕೆಲವೊಮ್ಮೆ ತೀರಾ ಸುಲಭವಾಗಿ ಕೊಡುತ್ತಾರೆ ಅಂತ ಬರೆದಿತ್ತು. ಪ್ರತಿ ಕಾಲದ ಮೇಷ್ಟರೂ "ನಮ್ಮ ಕಾಲದಲ್ಲಿ ಹೀಗಿರಲಿಲ್ಲ" ಅನ್ನುವವರೇ ಅಂತ ಯಾರಾದರೂ ಇದನ್ನು ತೋರಿಸಿ ಹೇಳಬಹುದು. ಕಾಲು ಭಾಗ ಇದ್ದದ್ದು ಅರ್ಧ ದಾಟಿದೆ ಅನ್ನುವುದು ಅನಿಸಿಕೆ ಅಲ್ಲ, ಲೆಕ್ಕ.

ಮ್ಯಾನ್ಸ್‌ಫೀಲ್ಡ್ ಅವರ ಒಂದು ಅಭ್ಯಾಸ ನನ್ನನ್ನು ತುಂಬಾ ಕಾಡಿದ್ದುಂಟು. 2001ರ ಸುಮಾರಿಗೆ ಅವರು ಪ್ರತಿ ವಿದ್ಯಾರ್ಥಿಗೂ ಎರಡು ಗ್ರೇಡ್ ಕೊಡಲು ಶುರು ಮಾಡಿದರು. ಒಂದು ಆಫೀಸಿನ ದಾಖಲೆಗೆ ಹೋಗುವುದು, ಬೇರೆಯವರು ಕೊಡುವ ಮಟ್ಟದಲ್ಲೇ. ಇನ್ನೊಂದು ವಿದ್ಯಾರ್ಥಿಗೆ ಮಾತ್ರ ಹೇಳುವುದು, ನಿಜಕ್ಕೂ ಎಷ್ಟು ಸಿಗಬೇಕಿತ್ತೋ ಅಷ್ಟು. ಉಬ್ಬರಕ್ಕೆ ಅವರು ಕೊಡುವ ಕಾರಣಗಳೆಲ್ಲ ನನಗೆ ಒಪ್ಪಿಗೆಯಿಲ್ಲ. ಆದರೆ ಆ ಎರಡನೇ ಗ್ರೇಡ್ ಇದೆಯಲ್ಲ, ಅದನ್ನು ಕೊಡುವ ಧೈರ್ಯ ನನಗೆ ಇರಲಿಲ್ಲ.

ಇಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಒಂದಿದೆ. ಹಾರ್ವರ್ಡಿನಲ್ಲಿ ಎಲ್ಲರಿಗೂ ಎ ಕೊಟ್ಟರೆ ಅಲ್ಲಿನ ಮಕ್ಕಳಿಗೆ ಬೀಳುವ ಪೆಟ್ಟು ಸಣ್ಣದು. ಮಾರ್ಕ್ಸ್ ಕಾರ್ಡಿನಲ್ಲಿ ಗ್ರೇಡ್ ಕಾಣದಿದ್ದರೂ ಮೇಲೆ ಅಚ್ಚಾದ ಹೆಸರು ಕಾಣುತ್ತದೆ. ಆ ಹೆಸರೇ ಬಾಗಿಲು ತೆಗೆಸುತ್ತದೆ. ನಮ್ಮಂಥ ಊರಿನ ಕಾಲೇಜಿನ ಹೆಸರು ಬೆಂಗಳೂರು ದಾಟಿದರೆ ಯಾರಿಗೂ ಗೊತ್ತಿಲ್ಲ. ಇಲ್ಲಿನ ಮಕ್ಕಳ ಕೈಯಲ್ಲಿ ಇದ್ದದ್ದು ಮಾರ್ಕ್ಸ್ ಒಂದೇ. ಮಾವ ದುಬೈಯಲ್ಲಿ ಇದ್ದರೆ, ಅಪ್ಪನಿಗೆ ಬೆಂಗಳೂರಲ್ಲಿ ಪರಿಚಯ ಇದ್ದರೆ, ಮನೆಯಲ್ಲಿ ಇಂಗ್ಲಿಷ್ ಮಾತಾಡಿ ಬೆಳೆದಿದ್ದರೆ ಮಾರ್ಕ್ಸ್ ಹೋದರೂ ಬೇರೆ ದಾರಿ ಉಂಟು. ಮನೆ ನಂಬ್ರ ಏಳರ ಹುಡುಗಿಗೆ ಯಾವ ದಾರಿ ಉಂಟು? ಅವಳ ಪರವಾಗಿ ಸಾಕ್ಷಿ ಹೇಳುವುದಕ್ಕೆ ಇದ್ದದ್ದು ಆ 38 ಮಾತ್ರ. ಆ ಸಾಕ್ಷಿಯ ಬಾಯಿ ಕಟ್ಟಿದ್ದು ನಾವು. ಮಕ್ಕಳ ಮೇಲಿನ ಪ್ರೀತಿಯಿಂದ ಮಾರ್ಕ್ಸ್ ಕೊಡುತ್ತೇವೆ ಅನ್ನುವವರಿಗೆ ನಾನು ಇದನ್ನೇ ಕೇಳಬೇಕು ಅಂತಿದ್ದೇನೆ: ಯಾವ ಮಕ್ಕಳ ಮೇಲೆ?

ಮಾರ್ಕ್ಸ್ ಮಾತಾಡುವುದು ನಿಲ್ಲಿಸಿದಾಗ ಏನಾಗುತ್ತದೆ ಅಂತ ನೋಡಲು ದೂರ ಹೋಗಬೇಕಿಲ್ಲ. 2021ರಲ್ಲಿ ಕೊರೊನಾದಿಂದ ನಮ್ಮ ಎರಡನೇ ಪಿಯು ಪರೀಕ್ಷೆ ರದ್ದಾಯಿತು. ಹಿಂದಿನ ಮಾರ್ಕ್ಸ್ ಲೆಕ್ಕ ಹಾಕಿ ಎಲ್ಲರನ್ನೂ ಪಾಸ್ ಮಾಡಿದರು. 2,239 ಮಕ್ಕಳಿಗೆ 600ಕ್ಕೆ 600 ಬಂತು. ಆ ಹೊತ್ತಿಗೆ ಬೇರೆ ದಾರಿ ಇರಲಿಲ್ಲ, ಅದರ ಬಗ್ಗೆ ನನಗೆ ತಕರಾರಿಲ್ಲ. ಮುಂದಿನ ವರ್ಷ ಅದೇ ಬ್ಯಾಚಿನ ಸುಮಾರು 24 ಸಾವಿರ ಮಕ್ಕಳು ಇನ್ನೊಮ್ಮೆ ಸಿಇಟಿ ಬರೆದರು. ಸಿಇಟಿ ರ‍್ಯಾಂಕಿಗೆ ಪಿಯು ಮಾರ್ಕ್ಸ್ ಅರ್ಧ ಸೇರುತ್ತದೆ. ಇವರ ಪಿಯು ಮಾರ್ಕ್ಸ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಅಂದುಬಿಟ್ಟರು. ಮಕ್ಕಳು ಹೈಕೋರ್ಟಿಗೆ ಹೋದರು. ಕೊನೆಗೆ ಸರಾಸರಿ 6 ಅಂಕ ಕಳೆದು ಲೆಕ್ಕ ಹಾಕುವುದು ಅಂತ ತೀರ್ಮಾನವಾಯಿತು. ಆ ಆರು ಅಂಕವನ್ನು ನಿಜವಾಗಿ ಓದಿದವನಿಂದಲೂ ಕಳೆದರು, ಓದದವನಿಂದಲೂ ಕಳೆದರು. ನನ್ನ ಪಕ್ಕದ ಮನೆಯ ಹುಡುಗ ಆ ಬ್ಯಾಚಿನವನು. "ನಾನು ಪರೀಕ್ಷೆ ಬರೀಲಿಕ್ಕೆ ರೆಡಿ ಇದ್ದೆ ಆಂಟಿ" ಅಂತ ಅವನು ಈಗಲೂ ಹೇಳುತ್ತಾನೆ.

ದೆಹಲಿ ವಿಶ್ವವಿದ್ಯಾಲಯದ ಕತೆ ಎಲ್ಲರಿಗೂ ಗೊತ್ತು. 2021ರಲ್ಲಿ ಅಲ್ಲಿನ ಹಲವು ದೊಡ್ಡ ಕಾಲೇಜುಗಳಲ್ಲಿ ಕೆಲವು ಕೋರ್ಸುಗಳ ಕಟ್ ಆಫ್ ನೂರಕ್ಕೆ ನೂರು. 99 ತೆಗೆದವರಿಗೆ ಜಾಗ ಇಲ್ಲ. 2022ರಿಂದ ಅಲ್ಲಿಗೂ ಪ್ರವೇಶ ಪರೀಕ್ಷೆ ಬಂತು. ಅಂದರೆ ಹನ್ನೆರಡು ವರ್ಷ ಮಕ್ಕಳನ್ನು ನೋಡಿದ ಮೇಷ್ಟರ ಮಾತು ಬೇಡ, ಎರಡು ಮೂರು ಗಂಟೆಯ ಟಿಕ್ ಮಾರ್ಕ್ ಸಾಕು ಅಂತಾಯಿತು. ಪ್ರವೇಶ ಪರೀಕ್ಷೆ ಬಂದಲ್ಲಿ ಕೋಚಿಂಗ್ ಬರುತ್ತದೆ. ಮಂಗಳೂರಿನಲ್ಲಿ ಇರುವವರಿಗೆ ಇದನ್ನು ವಿವರಿಸಿ ಹೇಳುವುದು ಬೇಡ. ಬೆಳಗ್ಗೆ ಆರೂವರೆಗೆ ರಸ್ತೆಗೆ ಬಂದು ನಿಂತರೆ ಎಷ್ಟು ಹಳದಿ ಬಸ್ಸು, ಎಷ್ಟು ಹಾಸ್ಟೆಲ್ ವ್ಯಾನು. ಕೋಚಿಂಗಿಗೆ ಫೀಸು ಕೊಡುವುದು ಯಾರಿಂದ ಆಗುತ್ತದೆ, ಯಾರಿಂದ ಆಗುವುದಿಲ್ಲ? ಮತ್ತೆ ಅದೇ ಮನೆ ನಂಬ್ರ ಏಳು.

ನಮ್ಮ ಎರಡು ಜಿಲ್ಲೆಗೆ ಸಂಬಂಧಪಟ್ಟ ಇನ್ನೊಂದು ಸಂಗತಿ. 2023ರ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯದಲ್ಲಿ ನೂರಕ್ಕೆ 83.89 ಪಾಸ್. ಉಡುಪಿ, ದಕ್ಷಿಣ ಕನ್ನಡ ಎರಡೂ ಮೊದಲ ಹತ್ತರಲ್ಲಿ ಇರಲಿಲ್ಲ. "ನಮ್ಮ ಮಕ್ಕಳಿಗೆ ಏನಾಯಿತು" ಅಂತ ಊರೆಲ್ಲ ಮಾತು. 2024ರಲ್ಲಿ ನಕಲು ತಡೆಯಲು ಪರೀಕ್ಷಾ ಕೋಣೆಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್. ಗ್ರೇಸ್ ಮಾರ್ಕ್ಸ್ ಜಾಸ್ತಿ ಮಾಡಿದ ಮೇಲೂ ರಾಜ್ಯದ ಫಲಿತಾಂಶ 73.40ಕ್ಕೆ ಇಳಿಯಿತು. ಉಡುಪಿ 94ರೊಂದಿಗೆ ಮೊದಲ ಸ್ಥಾನ, ದಕ್ಷಿಣ ಕನ್ನಡ 92.12ರೊಂದಿಗೆ ಎರಡನೇದು. ಆ ದಿನ ಇಲ್ಲಿ ಪಟಾಕಿ ಹೊಡೆಯುವಷ್ಟು ಖುಷಿ. ನನಗೂ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಅದೇ ಸಲ ಯಾದಗಿರಿಯಲ್ಲಿ ಅರ್ಧದಷ್ಟು ಮಕ್ಕಳು ಮಾತ್ರ ಪಾಸಾದರು. ಅಲ್ಲಿನ ಮಕ್ಕಳ ತಲೆ ನಮ್ಮ ಮಕ್ಕಳ ತಲೆಗಿಂತ ಕಡಿಮೆಯಲ್ಲ. ಅಲ್ಲಿನ ಶಾಲೆಗಳಿಗೆ ಏನು ಬೇಕು ಅನ್ನುವುದು ಉಬ್ಬಿದ ಸಂಖ್ಯೆಯ ಕೆಳಗೆ ಮುಚ್ಚಿಹೋಗಿತ್ತು. ಇಳಿತ ಬಂದಾಗ ಕೆಸರು ಕಂಡಿತು. ಕಂಡ ಮೇಲಾದರೂ ಅಲ್ಲಿಗೆ ಮೇಷ್ಟರನ್ನು ಕಳಿಸಬೇಕು, ಅಲ್ವಾ?

ಹಾಗಾದರೆ ಮೇಷ್ಟರು ಯಾಕೆ ಕೊಡುತ್ತಾರೆ? ಕೆಟ್ಟವರಾಗಿ ಅಲ್ಲ. ಕಡಿಮೆ ಕೊಟ್ಟರೆ ಹತ್ತು ಜನರಿಗೆ ಉತ್ತರ ಕೊಡಬೇಕು, ಜಾಸ್ತಿ ಕೊಟ್ಟರೆ ಯಾರಿಗೂ ಕೊಡುವುದು ಬೇಡ. ಪಕ್ಕದ ಕಾಲೇಜಿನವರು ಕೊಡುತ್ತಿರುವಾಗ ನಾವು ಬಿಗಿ ಹಿಡಿದರೆ ನಮ್ಮ ಮಕ್ಕಳಿಗೇ ನಷ್ಟ. ಕ್ಯಾಂಪಸ್ ಇಂಟರ್‌ವ್ಯೂಗೆ ಕೂರಲು 60 ಪರ್ಸೆಂಟ್ ಬೇಕು ಅಂದರೆ 58ರಲ್ಲಿ ನಿಂತ ಹುಡುಗನನ್ನು ನೋಡಿ ಯಾರ ಕೈ ನಡುಗುವುದಿಲ್ಲ? ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್‌ನವರು ಬಂದಾಗ ಪಾಸ್ ಪರ್ಸೆಂಟೇಜ್ ತೋರಿಸಬೇಕು. ವರ್ಷದ ಕೊನೆಗೆ ವಿದ್ಯಾರ್ಥಿಗಳು ನಮಗೆ ಮಾರ್ಕ್ಸ್ ಕೊಡುತ್ತಾರೆ, ಫೀಡ್‌ಬ್ಯಾಕ್ ಫಾರ್ಮಿನಲ್ಲಿ. ಇವುಗಳಲ್ಲಿ ಒಂದೊಂದೂ ಸಣ್ಣ ಕಾರಣ. ಎಲ್ಲ ಸೇರಿದರೆ 36.

ಇದನ್ನು ನಿಲ್ಲಿಸಲು ಹೊರಟವರೂ ಇದ್ದಾರೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ 2004ರಲ್ಲಿ ಒಂದು ನಿಯಮ ತಂದಿತು. ಪದವಿ ಕೋರ್ಸುಗಳಲ್ಲಿ ಎ ಗ್ರೇಡ್ ನೂರಕ್ಕೆ 35 ದಾಟಬಾರದು. ಆಗ ಡೀನ್ ಆಗಿದ್ದ ನ್ಯಾನ್ಸಿ ಮಾಲ್ಕೀಲ್ ಇದರ ಹಿಂದೆ ಗಟ್ಟಿಯಾಗಿ ನಿಂತರು. ಹತ್ತು ವರ್ಷ ನಡೆಯಿತು. ಮಕ್ಕಳಿಗೆ ಸಿಟ್ಟು. 35 ಅನ್ನುವುದು ಗುರಿ ಮಾತ್ರ ಅಂತ ಎಷ್ಟು ಹೇಳಿದರೂ ಅದನ್ನು ಕೋಟಾ ಅಂತಲೇ ತಿಳಿದರು. "ನನಗೆ ಸಿಗಬೇಕಾದ ಎ ಪಕ್ಕದವಳಿಗೆ ಹೋಯಿತು" ಅನ್ನುವ ಮಾತು ಶುರುವಾಯಿತು. ಬೇರೆ ವಿಶ್ವವಿದ್ಯಾಲಯಗಳು ಅದೇ ದಾರಿ ಹಿಡಿಯಲಿಲ್ಲ. 2014ರಲ್ಲಿ ಪ್ರಿನ್ಸ್‌ಟನ್ ಆ ನಿಯಮ ಕೈಬಿಟ್ಟಿತು.

ಆ ಕತೆಯಲ್ಲಿ ನನಗೆ ತುಂಬಾ ಮುಖ್ಯ ಅನಿಸಿದ್ದು ಬೇರೆ. ನಿಯಮವನ್ನು ಪರಿಶೀಲಿಸಿದ ಸಮಿತಿ ಗ್ರೇಡುಗಳ ಲೆಕ್ಕ ತೆಗೆದು ನೋಡಿತು. ನಿಯಮ ಜಾರಿಗೆ ಬರುವ ಮೊದಲೇ, ಅದರ ಬಗ್ಗೆ ವಿಭಾಗಗಳಲ್ಲಿ ಚರ್ಚೆ ನಡೆಯುತ್ತಿದ್ದಾಗಲೇ, ಎ ಗ್ರೇಡುಗಳು ಇಳಿಯಲು ಶುರುವಾಗಿದ್ದವು. ಮೇಷ್ಟರುಗಳು ಒಟ್ಟಿಗೆ ಕೂತು ಮಾತಾಡಿದ್ದೇ ಕೆಲಸ ಮಾಡಿತ್ತು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ವೆಲ್ಲೆಸ್ಲಿ ಅನ್ನುವ ಹೆಣ್ಣುಮಕ್ಕಳ ಕಾಲೇಜೂ 2004ರಲ್ಲೇ ಇಂಥದ್ದೊಂದು ಮಾಡಿತು. ಹತ್ತು ಅಥವಾ ಜಾಸ್ತಿ ಜನ ಇರುವ ಕೆಳ ಹಂತದ ಕೋರ್ಸುಗಳಲ್ಲಿ ಸರಾಸರಿ ಬಿ ಪ್ಲಸ್ ದಾಟಬಾರದು ಅಂತ. ಅಲ್ಲಿನದ್ದೇ ಮೂವರು ಅರ್ಥಶಾಸ್ತ್ರದ ಅಧ್ಯಾಪಕರು ಇದರ ಪರಿಣಾಮ ಲೆಕ್ಕ ಹಾಕಿ 2014ರಲ್ಲಿ ಪ್ರಕಟಿಸಿದರು. ಗ್ರೇಡ್ ಇಳಿಯಿತು, ಮೇಲೆ ಒತ್ತಿ ನಿಂತಿದ್ದವರ ನಡುವೆ ಸ್ವಲ್ಪ ಅಂತರ ಬಂತು. ಬಿಗಿ ಮಾಡಿದ ವಿಭಾಗಗಳಿಗೆ ಸೇರುವವರು ಕಡಿಮೆಯಾದರು. ಅಲ್ಲಿನ ಮೇಷ್ಟರಿಗೆ ವಿದ್ಯಾರ್ಥಿಗಳು ಕೊಡುವ ಅಂಕವೂ ಇಳಿಯಿತು. ಇನ್ನೂ ಒಂದು ವಿಷಯ ಕಂಡಿತು: ಬಿಳಿಯ ಮತ್ತು ಕಪ್ಪು ವಿದ್ಯಾರ್ಥಿಗಳ ಗ್ರೇಡುಗಳ ನಡುವಿನ ಅಂತರ ಜಾಸ್ತಿಯಾಯಿತು.

ಈ ಕೊನೆಯ ಮಾತು ನಾನು ಮೇಲೆ ಹೇಳಿದ್ದಕ್ಕೆ ಎದುರು ನಿಲ್ಲುತ್ತದೆ. ಬಿಗಿ ಮಾಡಿದರೆ ಹಿಂದೆ ಇದ್ದವರಿಗೇ ಜಾಸ್ತಿ ಪೆಟ್ಟು ಅಂತಾಯಿತಲ್ಲ? ನಾನು ಇದನ್ನು ಪಕ್ಕಕ್ಕೆ ಸರಿಸಲು ತಯಾರಿಲ್ಲ. ನನ್ನ ಕ್ಲಾಸಿನಲ್ಲೂ ಕನ್ನಡ ಮೀಡಿಯಂನಿಂದ ಬಂದ ಎಲ್ಲರೂ ಆ ಹುಡುಗಿಯ ಹಾಗೆ ಬರೆಯುವುದಿಲ್ಲ. ನಾಳೆ ನಾನು ನಿಜವಾದ ಮಾರ್ಕ್ಸ್ ಕೊಟ್ಟರೆ ಅವರಲ್ಲಿ ಹಲವರು 12, 14ಕ್ಕೆ ಇಳಿಯುತ್ತಾರೆ. ಬರೀ ಸಂಖ್ಯೆ ಇಳಿಸಿ ಕೈ ತೊಳೆದುಕೊಂಡರೆ ಅದು ಅನ್ಯಾಯವೇ. 12 ಕೊಟ್ಟರೆ ಅದರ ಜೊತೆ ನನ್ನ ಹೊತ್ತನ್ನೂ ಕೊಡಬೇಕು. ಎಲ್ಲಿ ತಪ್ಪಿತು, ಹೇಗೆ ಸರಿ ಮಾಡುವುದು ಅಂತ ಕೂತು ಹೇಳಬೇಕು. ಉಬ್ಬಿಸಿದ 36 ಕೊಟ್ಟಾಗ ನಾನು ಆ ಕೆಲಸದಿಂದ ತಪ್ಪಿಸಿಕೊಂಡಿದ್ದೆ. ಅಷ್ಟು ಮಾರ್ಕ್ಸ್ ಬಂದ ಹುಡುಗ ಯಾಕೆ ನನ್ನ ಹತ್ತಿರ ಬಂದು ಕೇಳುತ್ತಾನೆ?

ಮಾರ್ಕ್ಸ್ ಕಾರ್ಡಿನಲ್ಲಿ ವಿದ್ಯಾರ್ಥಿಯ ಗ್ರೇಡಿನ ಪಕ್ಕದಲ್ಲೇ ಆ ಕ್ಲಾಸಿನ ನಡುವಿನ ಗ್ರೇಡನ್ನೂ ಅಚ್ಚು ಹಾಕುವ ಕ್ರಮ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ 1990ರ ದಶಕದಿಂದಲೇ ಇದೆ. ಒಳ್ಳೆಯ ಯೋಚನೆ. ಅಲ್ಲಿನದ್ದೇ ಕಾರ್ನೆಲ್ ವಿಶ್ವವಿದ್ಯಾಲಯದವರು ಪ್ರತಿ ಕೋರ್ಸಿನ ನಡುವಿನ ಗ್ರೇಡನ್ನು ಎಲ್ಲರಿಗೂ ಕಾಣುವ ಹಾಗೆ ಅಂತರ್ಜಾಲದಲ್ಲಿ ಹಾಕಿದರು. ಮಕ್ಕಳು ಅದನ್ನು ನೋಡಿ ಸುಲಭವಾಗಿ ಎ ಸಿಗುವ ಕೋರ್ಸುಗಳಿಗೇ ಹೋದರು. 2011ರಲ್ಲಿ ಹಾಗೆ ಹಾಕುವುದನ್ನು ನಿಲ್ಲಿಸಿದರು. ನಮ್ಮ ಹುಡುಗಿಯ ಕಾರ್ಡಿನಲ್ಲಿ ಕ್ಲಾಸಿನ ಸರಾಸರಿ ಹಾಕಿದ್ದರೆ ಏನು ಬರುತ್ತಿತ್ತು? ಅವಳ 38ರ ಪಕ್ಕ 36. ಅದರಿಂದ ಅವಳಿಗೆ ಏನೂ ಆಗುತ್ತಿರಲಿಲ್ಲ.

ನನ್ನ ಹತ್ತಿರ ಒಂದು ಹಳೆಯ ಕಾಗದ ಇದೆ. 1990ರ ದಶಕದಲ್ಲಿ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುವಾಗ ಬರೆದ ಒಂದು ಅಸೈನ್‌ಮೆಂಟ್. ನೂರಕ್ಕೆ 52. ಆಗ 60 ಬಂದರೆ ಫಸ್ಟ್ ಕ್ಲಾಸ್, ಅಷ್ಟು ಬಂದರೆ ಊರಿಗೆ ಕಾಗದ ಬರೆಯುತ್ತಿದ್ದೆವು. 52 ನೋಡಿ ಹಾಸ್ಟೆಲಿನಲ್ಲಿ ಅತ್ತಿದ್ದೆ. ಮೂರನೇ ಪುಟದ ಬದಿಯಲ್ಲಿ ಕೆಂಪು ಶಾಯಿಯಲ್ಲಿ ನಮ್ಮ ಸರ್ ಬರೆದಿದ್ದರು: "ಇದು ಪುಸ್ತಕದ ಮಾತು. ನಿನ್ನದು ಎಲ್ಲಿ?" ಕೆಳಗೆ, ಐದನೇ ಪುಟದಲ್ಲಿ, ನಾನು ನಮ್ಮ ಊರಿನ ಅಡಿಕೆ ವ್ಯಾಪಾರದ ಬಗ್ಗೆ ಬರೆದ ನಾಲ್ಕು ಸಾಲಿನ ಪಕ್ಕ ಒಂದು ಗೆರೆ. "ಇಲ್ಲಿಂದ ಶುರು ಮಾಡು." ಅಷ್ಟೇ. ನಾನು ಮುಂದೆ ಮಾಡಿದ ಕೆಲಸ ಎಲ್ಲ ಆ ಗೆರೆಯಿಂದ ಶುರುವಾದದ್ದು. ಅವರು ಅವತ್ತು 85 ಕೊಟ್ಟು ಕಳಿಸಿದ್ದರೆ ನಾನು ಐದನೇ ಪುಟವನ್ನು ತಿರುಗಿ ನೋಡುತ್ತಿರಲಿಲ್ಲ.

ಜೂನ್ ತಿಂಗಳ ಆ ಮಧ್ಯಾಹ್ನ ಹುಡುಗಿಗೆ ನಾನು ನಿಜ ಹೇಳಿದೆ. ಎಲ್ಲರಿಗೂ ಜಾಸ್ತಿ ಕೊಟ್ಟದ್ದು ಹೌದು, ನಿನ್ನದು ಮಾತ್ರ ನಿನ್ನದೇ ಅಂತ. ಕಪಾಟಿನಿಂದ ಅವಳ ಪ್ರಾಜೆಕ್ಟಿನ ಪ್ರತಿ ತೆಗೆದೆ. ಇಬ್ಬರೂ ಕೂತು ಮೊದಲಿನಿಂದ ಓದಿದೆವು. ಅವಳ ಎರಡು ಕಾಲಂಗಳಲ್ಲಿ ಒಂದು ಕಡೆ ಕೂಡಿಸಿದ್ದು ತಪ್ಪಿತ್ತು. ನಾನು ಅವತ್ತು ಗಮನಿಸಿಯೇ ಇರಲಿಲ್ಲ. 38 ಕೊಟ್ಟವಳು ಓದಿದ್ದು ಅಷ್ಟೇ. ಅವಳಿಗೆ ಆ ತಪ್ಪು ತೋರಿಸಿದಾಗ ಅವಳ ಮುಖದಲ್ಲಿ ಬೇಜಾರು ಬರಲಿಲ್ಲ. "ಈಗ ನೀವು ಓದಿದ್ದು ಅಂತ ಗೊತ್ತಾಯ್ತು ಮೇಡಂ" ಅಂದಳು. ಆ ಮಾತು ನನಗೆ ಇನ್ನೂ ಚುಚ್ಚುತ್ತದೆ.

ಸಂಜೆಗೆ ಎರಡು ಪುಟದ ಕಾಗದ ಬರೆದು ಸಹಿ ಹಾಕಿ ಕೊಟ್ಟೆ. ಒಳ್ಳೆಯ ಹುಡುಗಿ, ಶ್ರಮಜೀವಿ ಅಂತೆಲ್ಲ ಬರೆಯಲಿಲ್ಲ. ಅವಳು ಯಾವ ಪ್ರಶ್ನೆ ಹಿಡಿದಳು, ಹೇಗೆ ಲೆಕ್ಕ ತೆಗೆದಳು, ಎಲ್ಲಿ ತಪ್ಪಿದಳು, ಆ ತಪ್ಪನ್ನು ಎಷ್ಟು ಬೇಗ ಸರಿ ಮಾಡಿದಳು ಅಂತ ಬರೆದೆ. ಬೆಂಗಳೂರಿನ ಆ ಕೆಲಸ ಆಗಲೇ ಬೇರೆಯವರಿಗೆ ಹೋಗಿತ್ತು. ಅವಳು ಈಗ ಬಿ.ಸಿ. ರೋಡಿನಲ್ಲಿ ಒಂದು ಸೊಸೈಟಿಯಲ್ಲಿ ಕೆಲಸ ಮಾಡುತ್ತಾ ಎಂ.ಎ.ಗೆ ಓದುತ್ತಿದ್ದಾಳೆ.

ಸೆಪ್ಟೆಂಬರಿನಲ್ಲಿ ಮೊದಲ ಇಂಟರ್ನಲ್ ಮುಗಿದ ಮೇಲೆ ನಮ್ಮ ವಿಭಾಗದಲ್ಲಿ ಒಂದು ಮಾತು ಎತ್ತಿದೆ. ನಾವು ನಾಲ್ಕು ಜನ. ವಿಭಾಗದ ಮುಖ್ಯಸ್ಥರಾದ ಎಚ್‌ಒಡಿ, ನಾನು, ಇಬ್ಬರು ಅತಿಥಿ ಉಪನ್ಯಾಸಕರು. ಒಂದು ಶನಿವಾರ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಕೂತೆವು. ಕ್ಯಾಂಟೀನಿನಿಂದ ಗೋಳಿಬಜೆ, ಚಾ. ಒಂದೇ ಒಂದು ಬ್ಲೂ ಬುಕ್ಕಿನ, ಅಂದರೆ ಇಂಟರ್ನಲ್‌ನ ಉತ್ತರ ಪುಸ್ತಿಕೆಯ, ನಾಲ್ಕು ಜೆರಾಕ್ಸ್. ಹೆಸರು ಕಾಣದ ಹಾಗೆ ಮಡಚಿದ್ದು. ಪ್ರಶ್ನೆ ಬೆಲೆ ಮತ್ತು ಬೇಡಿಕೆಯದ್ದು, 20 ಅಂಕಕ್ಕೆ. ಹುಡುಗ ಪುಸ್ತಕದ ವ್ಯಾಖ್ಯೆ ಬರೆದಿರಲಿಲ್ಲ. ಗ್ರಾಫಿನಲ್ಲಿ ಬೆಲೆಯ ಜಾಗಕ್ಕೆ ಪ್ರಮಾಣ, ಪ್ರಮಾಣದ ಜಾಗಕ್ಕೆ ಬೆಲೆ ಹಾಕಿದ್ದ. ಆದರೆ ಹೀಗೆ ಬರೆದಿದ್ದ: ಜೂನ್, ಜುಲೈಯಲ್ಲಿ ಟ್ರಾಲ್ ಬೋಟು ಬಂದ್ ಆದಾಗ ಬಂಗುಡೆ ಬೆಲೆ ಏರುತ್ತದೆ. ನಮ್ಮ ಮನೆಯಲ್ಲಿ ಮೀನು ಬಿಡುವುದಿಲ್ಲ, ಬಂಗುಡೆ ಬಿಟ್ಟು ಒಣಮೀನು ತರುತ್ತೇವೆ. ಹಾಗಾಗಿ ಬಂಗುಡೆಯ ಬೇಡಿಕೆ ತುಂಬಾ ಇಳಿಯುತ್ತದೆ, ಮೀನಿನ ಬೇಡಿಕೆ ಅಷ್ಟು ಇಳಿಯುವುದಿಲ್ಲ.

ಪ್ರತಿಯೊಬ್ಬರೂ ಬೇರೆ ಬೇರೆ ಕೂತು ತಿದ್ದಿದೆವು. ಎಚ್‌ಒಡಿ ಕೊಟ್ಟದ್ದು 8. ನಾನು 14. ಒಬ್ಬರು 11. ಇನ್ನೊಬ್ಬ ಚಿಕ್ಕ ವಯಸ್ಸಿನ ಉಪನ್ಯಾಸಕಿ 17.

ಎರಡು ಗಂಟೆ ಮಾತಾಡಿದೆವು. ವ್ಯಾಖ್ಯೆ ಇಲ್ಲದಿದ್ದರೆ ಎಷ್ಟು ಕಳೆಯುವುದು? ಗ್ರಾಫ್ ತಲೆಕೆಳಗಾದರೆ ಅವನಿಗೆ ವಿಷಯ ಗೊತ್ತಿಲ್ಲ ಅಂತಲಾ, ಬರೀ ಅಭ್ಯಾಸ ಇಲ್ಲ ಅಂತಲಾ? ಪುಸ್ತಕದಲ್ಲಿ ಬೇರೆ ಬೇರೆ ಪುಟದಲ್ಲಿರುವ ಎರಡು ವಿಚಾರವನ್ನು ಅವನು ಮೀನಿನ ಮಾರ್ಕೆಟಿನಲ್ಲಿ ಸೇರಿಸಿದ್ದಾನಲ್ಲ, ಅದಕ್ಕೆ ಎಷ್ಟು? ಇಷ್ಟು ವರ್ಷದಲ್ಲಿ ನಾವು ನಾಲ್ವರು ಹೀಗೆ ಮಾತಾಡಿದ್ದು ಅದೇ ಮೊದಲು. 17 ಕೊಟ್ಟವಳನ್ನು ಯಾಕೆ ಅಂತ ಕೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಮೇಡಂ, ಉತ್ತರ 13ರದ್ದೇ. ನನಗೆ ಮುಂದಿನ ವರ್ಷವೂ ಇಲ್ಲಿ ಕೆಲಸ ಬೇಕಲ್ಲ" ಅಂದಳು. ಎಚ್‌ಒಡಿ ಚಾ ಲೋಟ ಕೆಳಗಿಟ್ಟರು. ಯಾರೂ ಮಾತಾಡಲಿಲ್ಲ. ಆಮೇಲೆ ಅವರೇ ಹೇಳಿದರು, ಕಡಿಮೆ ಮಾರ್ಕ್ಸಿನ ಬಗ್ಗೆ ಯಾರು ಕೇಳಲು ಬಂದರೂ ನನ್ನ ಹತ್ತಿರ ಕಳಿಸಿ, ಫೀಡ್‌ಬ್ಯಾಕಿನ ವಿಷಯ ಪ್ರಿನ್ಸಿಪಾಲರ ಹತ್ತಿರ ನಾನು ಮಾತಾಡುತ್ತೇನೆ ಅಂತ. ಮಾತಾಡಿದ್ದಾರೆ ಕೂಡ. ಏನಾಗುತ್ತದೆ ನೋಡಬೇಕು.

ಆ ಪತ್ರಿಕೆಗೆ 12 ಅಂತ ನಿರ್ಧಾರವಾಯಿತು. ಜೊತೆಗೆ ಮೂರು ಸಾಲು ಬರೆದೆವು. ಸೋಮವಾರ ಹುಡುಗ ಬ್ಲೂ ಬುಕ್ ಹಿಡಿದು ಬಂದ. ಉಳ್ಳಾಲದವನು. 12ರ ಬಗ್ಗೆ ಕೇಳುತ್ತಾನೆ ಅಂದುಕೊಂಡಿದ್ದೆ. "ಮೇಡಂ, ಗ್ರಾಫ್ ಉಲ್ಟಾ ಆದದ್ದು ಹೇಗೆ ಅಂತ ಒಮ್ಮೆ ಹೇಳ್ತೀರಾ?" ಅಂದ. ಅರ್ಧ ಗಂಟೆ ಕೂತ. ಒಣಮೀನಿನ ಗೆರೆಯನ್ನು ಅವನೇ ಎಳೆದ.

ಬರುವ ಶನಿವಾರ ಮತ್ತೆ ಕೂರುತ್ತೇವೆ. ಈ ಸಲ ಹೋದ ವರ್ಷ ನಾನು ತಿದ್ದಿದ ಪ್ರಾಜೆಕ್ಟುಗಳಲ್ಲಿ ಒಂದನ್ನು ತೆಗೆದಿಟ್ಟಿದ್ದೇನೆ. ನಾನು 36 ಕೊಟ್ಟದ್ದು. ಮೇಲಿನ ಅಂಕಕ್ಕೆ ಕಾಗದ ಅಂಟಿಸಿ ಮೂರು ಜೆರಾಕ್ಸ್ ಮಾಡಿಸಿ ಇಟ್ಟಿದ್ದೇನೆ.